ಪ್ರೌಢಶಾಲೆಯ ಪ್ರಾಜೆಕ್ಟ್ ಯಾರಿಗೆ ಸಲ್ಲಬೇಕು?

ಯಾವುದೇ ತಾಲ್ಲೂಕು ಕೇಂದ್ರದ ಸ್ಟೇಷನರಿ ಅಂಗಡಿಗೆ ಹೋಗಿ ಒಂಬತ್ತನೇ ತರಗತಿಯ ಪ್ರಾಜೆಕ್ಟ್ ಸಾಮಾನು ಬೇಕೆಂದರೆ ಅಂಗಡಿಯವರು ಮರುಪ್ರಶ್ನೆ ಕೇಳುವುದಿಲ್ಲ. ಅಂಚಿಗೆ ಬಣ್ಣದ ಗೆರೆಯಿರುವ ಹಾಳೆ, ಸ್ಟಿಕ್ ಫೈಲು, ‘ಜಲಮಾಲಿನ್ಯ’, ‘ಸ್ವಾತಂತ್ರ್ಯ ಹೋರಾಟಗಾರರು’, ‘ಸಮತೋಲಿತ ಆಹಾರ’ ಎಂಬ ಚಿತ್ರಪಟಗಳು ಒಟ್ಟಿಗೇ ಬರುತ್ತವೆ. ಪಕ್ಕದ ಸೈಬರ್ ಕೇಂದ್ರದವರು ಅಂತರ್ಜಾಲದಿಂದ ನಾಲ್ಕು ಪುಟ ಮುದ್ರಿಸಿ ಕೊಡುತ್ತಾರೆ. ಹುಡುಗಿ ಅದನ್ನು ದುಂಡನೆಯ ಅಕ್ಷರದಲ್ಲಿ ನಕಲು ಮಾಡುತ್ತಾಳೆ: ಪೀಠಿಕೆ, ಉದ್ದೇಶ, ಮಾಹಿತಿ ಸಂಗ್ರಹ, ವಿಶ್ಲೇಷಣೆ, ಉಪಸಂಹಾರ, ಕೊನೆಯಲ್ಲಿ ಶಿಕ್ಷಕರಿಗೂ ತಂದೆತಾಯಿಗೂ ಕೃತಜ್ಞತೆ. ಫೈಲು ಶಿಕ್ಷಕರ ಮೇಜಿಗೆ ಹೋಗುತ್ತದೆ, ಸಹಿ ಬೀಳುತ್ತದೆ, ಅಂಕ ನಮೂದಾಗುತ್ತದೆ, ಬೀರುವಿನ ಮೇಲಿನ ಗಂಟಿಗೆ ಸೇರುತ್ತದೆ. ‘ನಮ್ಮೂರಿನ ನೀರಿನ ಸಮಸ್ಯೆ’ ಎಂಬ ಫೈಲನ್ನು ಬಿಚ್ಚಿ ನೋಡಿದರೆ ಊರಿನ ಹೆಸರೇ ಇರುವುದಿಲ್ಲ.

ಮಕ್ಕಳನ್ನಾಗಲಿ ಶಿಕ್ಷಕರನ್ನಾಗಲಿ ದೂರಲು ಇದನ್ನು ಹೇಳುತ್ತಿಲ್ಲ. ಪೌರತ್ವ, ಸ್ವಾಸ್ಥ್ಯ, ಜೀವನ ಕೌಶಲ ಎಂಬ ಮೂರು ಕ್ಷೇತ್ರಗಳನ್ನು ಪ್ರೌಢಶಾಲೆಯಲ್ಲಿ ಪಠ್ಯಪುಸ್ತಕದ ಬದಲು ಪ್ರಾಜೆಕ್ಟ್‌ಗಳ ಮೂಲಕ ಕಲಿಸಬೇಕು, ಅವುಗಳಲ್ಲಿ ಕೆಲವನ್ನು ಐಚ್ಛಿಕವಾಗಿ ಇಡಬೇಕು ಎಂಬ ಮಾತಿಗೆ ಈಗ ಎಲ್ಲ ಕಡೆ ಬಲ ಬಂದಿದೆ. 2023ರಲ್ಲಿ ಪ್ರಕಟವಾದ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ದೈಹಿಕ ಶಿಕ್ಷಣ ಮತ್ತು ಯೋಗಕ್ಷೇಮ, ವೃತ್ತಿ ಶಿಕ್ಷಣ, ಕಲೆ ಇವನ್ನು ಗಣಿತ, ವಿಜ್ಞಾನಗಳ ಸಾಲಿನಲ್ಲೇ ಕೂರಿಸಿದೆ. ಆರರಿಂದ ಎಂಟನೇ ತರಗತಿಯವರೆಗೆ ವರ್ಷಕ್ಕೆ ಮೂರರಂತೆ ಒಂಬತ್ತು ವೃತ್ತಿ ಪ್ರಾಜೆಕ್ಟ್ ಮಾಡಿಸಬೇಕೆಂದು ಎನ್‌ಸಿಇಆರ್‌ಟಿ ಹೊಸ ಪುಸ್ತಕಗಳನ್ನೂ ತಂದಿದೆ. ಕೇಂದ್ರದ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕೈಬಿಟ್ಟ ಕರ್ನಾಟಕವು ಸುಖದೇವ್ ಥೋರಟ್ ನೇತೃತ್ವದ ಆಯೋಗದಿಂದ 2025ರ ಆಗಸ್ಟ್‌ನಲ್ಲಿ ತನ್ನದೇ ಶಿಕ್ಷಣ ನೀತಿಯ ವರದಿ ಪಡೆದಿದೆ. ಅದೇ ವರ್ಷದ ಮಾರ್ಚ್‌ನಲ್ಲಿ ಶಾಲಾ ಶಿಕ್ಷಣ ಸಚಿವರು ನೈತಿಕ ಶಿಕ್ಷಣವನ್ನೂ, ಎಂಟನೇ ತರಗತಿಯಿಂದ ಮೇಲಿನವರಿಗೆ ಲೈಂಗಿಕ ಶಿಕ್ಷಣವನ್ನೂ ತರುವುದಾಗಿ ಪ್ರಕಟಿಸಿದ್ದರು. ಅಂದರೆ ಯಾವ ನೀತಿ ಗೆದ್ದರೂ ಇಂಥ ಅವಧಿಗಳು ವೇಳಾಪಟ್ಟಿಗೆ ಬರುವುದು ಬಹುಮಟ್ಟಿಗೆ ಖಚಿತ. ಬಂದ ಮೇಲೆ ಅವು ಮತ್ತೊಂದು ಸ್ಟಿಕ್ ಫೈಲಾಗಿ ಮುಗಿಯುತ್ತವೆಯೇ ಎಂಬುದೇ ನನ್ನ ಚಿಂತೆ.

ಪ್ರಾಜೆಕ್ಟ್ ಸಾರ್ಥಕವಾಗುವುದು ಅದಕ್ಕೆ ಉತ್ತರ ಕೊಡಬೇಕಾದವರು ಶಾಲೆಯ ಹೊರಗೆ ಇದ್ದಾಗ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಸಾರಿಗೆ ಡಿಪೊದ ವ್ಯವಸ್ಥಾಪಕರು, ಕೊನೆಗೆ ಮನೆಯ ಹಿರಿಯರು, ಹೀಗೆ ಯಾರೋ ಒಬ್ಬರು ಆ ಕೆಲಸವನ್ನು ಓದಿ ‘ಹೌದು’, ‘ಇಲ್ಲ’, ‘ಇಷ್ಟು ದಿನದಲ್ಲಿ’ ಎನ್ನಬೇಕು. ಓದುವವರು ಅಂಕ ಹಾಕುವ ಶಿಕ್ಷಕರೊಬ್ಬರೇ ಆದಾಗ ಪ್ರಾಜೆಕ್ಟ್ ಎನ್ನುವುದು ಬರಹದ ಪರೀಕ್ಷೆಯ ಇನ್ನೊಂದು ರೂಪವಾಗಿಬಿಡುತ್ತದೆ.

ಪುಸ್ತಕದಾಚೆಯ ಕಲಿಕೆ ನಮಗೆ ಹೊಸದೇನಲ್ಲ. 1937ರ ವಾರ್ಧಾ ಸಮಾವೇಶದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕೆಲಸವನ್ನೇ ಕಲಿಕೆಯ ನಡುಮಧ್ಯಕ್ಕೆ ತಂದಿತ್ತು. ಕೊಠಾರಿ ಆಯೋಗ 1966ರಲ್ಲಿ ಕಾರ್ಯಾನುಭವವನ್ನು ಶಿಫಾರಸು ಮಾಡಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂಬ ಹೆಸರು ಕೊಟ್ಟಿತು. ನಮ್ಮಲ್ಲಿ ಅನೇಕರು ಆ ಅವಧಿಯಲ್ಲಿ ಶಾಲೆಯ ಕೈತೋಟಕ್ಕೆ ನೀರು ಹೊತ್ತಿದ್ದೇವೆ, ಊದುಬತ್ತಿಯನ್ನೋ ಸೀಮೆಸುಣ್ಣವನ್ನೋ ಮಾಡಿದ್ದೇವೆ. ಕೆಲವು ಶಾಲೆಗಳಲ್ಲಿ ಅದು ಚೆನ್ನಾಗಿಯೇ ನಡೆಯಿತು, ಬಹುಪಾಲು ಶಾಲೆಗಳಲ್ಲಿ ಮಳೆಗಾಲದ ನಂತರ ತೋಟವೂ ಒಣಗಿತು, ಅವಧಿಯೂ ಗಣಿತಕ್ಕೆ ಹೋಯಿತು. ಯಾವ ಸಮಿತಿಯೂ ಅದನ್ನು ನಿಲ್ಲಿಸಿ ಎಂದಿರಲಿಲ್ಲ. ಹತ್ತನೇ ತರಗತಿಯ ಫಲಿತಾಂಶದ ಒತ್ತಡವೇ ಅದನ್ನು ನುಂಗಿತು.

ಆ ಒತ್ತಡದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ಒಟ್ಟು 625 ಅಂಕ. ಇವುಗಳಲ್ಲಿ 500 ಬರಹದ ಪರೀಕ್ಷೆಗೆ, 125 ಆಂತರಿಕ ಮೌಲ್ಯಮಾಪನಕ್ಕೆ: ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20. ಚಟುವಟಿಕೆ, ಪ್ರಾಜೆಕ್ಟ್, ಕಿರುಪರೀಕ್ಷೆಗಳು ಈ ಆಂತರಿಕ ಅಂಕಗಳೊಳಗೆ ಬರುತ್ತವೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಾಗ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40 ಶೇಕಡಾಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಆ ನಂತರ 2025-26ನೇ ಸಾಲಿನಿಂದ ಉತ್ತೀರ್ಣತೆಯ ಮಟ್ಟವನ್ನು ಆಂತರಿಕ ಅಂಕಗಳೂ ಸೇರಿ 33 ಶೇಕಡಾಕ್ಕೆ, ಅಂದರೆ 625ಕ್ಕೆ 206 ಅಂಕಗಳಿಗೆ ಇಳಿಸಲಾಯಿತು.

ಈ ತೀರ್ಮಾನದ ಹಿಂದೆ ಮಕ್ಕಳ ಮೇಲಿನ ಕಾಳಜಿ ಇರಬಹುದು, ಇತರ ಮಂಡಳಿಗಳೊಂದಿಗೆ ಸರಿಸಮ ಮಾಡುವ ಉದ್ದೇಶವೂ ಇರಬಹುದು. ಪ್ರಾಜೆಕ್ಟ್‌ನ ಮೇಲೆ ಅದು ಬೀರುವ ಪರಿಣಾಮ ಮಾತ್ರ ಸ್ಪಷ್ಟ. ಪಾಸಾಗಲು ಬೇಕಾದ 206ರಲ್ಲಿ 125ರವರೆಗೆ ಶಾಲೆಯ ಕೈಯಲ್ಲೇ ಇದೆ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಿಂದ ಕಡಿಮೆ ಫಲಿತಾಂಶಕ್ಕೆ ಕಾರಣ ಕೇಳಿ ನೋಟಿಸ್ ಬರುವ ಊರಿನಲ್ಲಿ ಯಾವ ಶಿಕ್ಷಕರು ತಾನೇ ಒಂದು ಸಪ್ಪೆ ಪ್ರಾಜೆಕ್ಟ್‌ಗೆ ಎಂಟು ಅಂಕ ಕೊಟ್ಟಾರು? ಎಲ್ಲರಿಗೂ ಹದಿನೆಂಟು, ಹತ್ತೊಂಬತ್ತು. ಎಲ್ಲರಿಗೂ ಅಷ್ಟೇ ಸಿಗುವುದಾದರೆ ಕಾಲುಸಂಕ ಅಳೆದು ಬಂದ ಹುಡುಗನಿಗೂ ಅಂಗಡಿಯ ಚಿತ್ರಪಟ ಅಂಟಿಸಿದವನಿಗೂ ವ್ಯತ್ಯಾಸವಿಲ್ಲ. ಪೌರತ್ವದ ಪ್ರಾಜೆಕ್ಟನ್ನೂ ಇದೇ ಅಂಕಪಟ್ಟಿಗೆ ಕಟ್ಟಿಹಾಕಿದರೆ ಅದರ ಗತಿಯೂ ಇದೇ.

ಕಾಲುಸಂಕದ ಮಾತು ಸುಮ್ಮನೆ ಬಂದದ್ದಲ್ಲ. ಉಡುಪಿ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಭಾಗದಲ್ಲಿ ಹಳ್ಳಕ್ಕೆ ಅಡ್ಡವಾಗಿ ಅಡಿಕೆ ಮರದ ಬೊಡ್ಡೆಯನ್ನೋ ಹಲಗೆಯನ್ನೋ ಹಾಸಿ ಮಾಡಿಕೊಂಡ ದಾರಿ ಅದು. ಮಳೆಗಾಲದಲ್ಲಿ ಅದರ ಮೇಲೆಯೇ ಮಕ್ಕಳು ಶಾಲೆಗೆ ಹೋಗುತ್ತಾರೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆ ಬಿಟ್ಟು ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ತುಂಬಿ ಹರಿಯುತ್ತಿದ್ದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಆಗ ಮಂತ್ರಿಗಳು, ಅಧಿಕಾರಿಗಳು ಬಂದರು, ಕಾಲುಸಂಕಗಳ ಪಟ್ಟಿ ಮಾಡುವ ಮಾತಾಯಿತು. ಆ ಪಟ್ಟಿಯನ್ನು ಯಾರಿಗಿಂತಲೂ ಮೊದಲು, ಯಾರಿಗಿಂತಲೂ ಸರಿಯಾಗಿ ಮಾಡಬಲ್ಲವರು ದಿನಾ ಅದರ ಮೇಲೆ ನಡೆಯುವ ಮಕ್ಕಳೇ.

ಒಂಬತ್ತನೇ ತರಗತಿಯ ನಾಲ್ಕೈದು ಮಕ್ಕಳ ಗುಂಪಿಗೆ ಒಂದು ಕಾಲುಸಂಕವನ್ನು ವಹಿಸಿದೆವು ಎಂದುಕೊಳ್ಳೋಣ. ಹಳ್ಳದ ಅಗಲ ಎಷ್ಟು? ದಡದಿಂದ ಹಗ್ಗ ಹಿಡಿದು ಅಳೆಯಬಹುದು, ತ್ರಿಕೋನಗಳ ಸಮರೂಪತೆ ಗೊತ್ತಿದ್ದವರು ದಾಟದೆಯೂ ಅಳೆಯಬಹುದು. ಆಚೆ ಎಷ್ಟು ಮನೆ, ಎಷ್ಟು ಶಾಲಾ ಮಕ್ಕಳು, ಎಷ್ಟು ಜನ ವೃದ್ಧರು, ಗರ್ಭಿಣಿಯರು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಎಷ್ಟು ದಿನ ಹಲಗೆ ಮುಟ್ಟಿತು? ಹಾಜರಿ ಪುಸ್ತಕ ನೋಡಿದರೆ ಅದೇ ದಿನಗಳಲ್ಲಿ ಆಚೆಯ ಮಕ್ಕಳು ಎಷ್ಟು ಗೈರು? ಸುತ್ತು ದಾರಿ ಎಷ್ಟು ಕಿಲೋಮೀಟರು? ಜಾಗ ಪಂಚಾಯಿತಿಯದೋ, ಅರಣ್ಯ ಇಲಾಖೆಯದೋ, ಖಾಸಗಿಯವರದೋ? ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದ ಮಗುವಿಗೆ ಪಹಣಿ ಓದಲು ಬರುತ್ತದೆ, ಒಂದು ಸಣ್ಣ ಸೇತುವೆ ಏಕೆ ವರ್ಷಗಟ್ಟಲೆ ಆಗುವುದಿಲ್ಲ ಎಂಬುದೂ ಗೊತ್ತಾಗುತ್ತದೆ. ಸಮಾಜ ವಿಜ್ಞಾನದ ‘ಸ್ಥಳೀಯ ಸರ್ಕಾರ’ ಪಾಠ ಹೇಳದೆ ಬಿಟ್ಟಿದ್ದನ್ನು ಈ ಒಂದು ಹಳ್ಳ ಹೇಳಿಕೊಡುತ್ತದೆ.

ಇಷ್ಟೆಲ್ಲ ಮಾಡಿ ವರದಿಯನ್ನು ಯಾರಿಗೆ ಕೊಡುವುದು? ಇದಕ್ಕೆ ಕರ್ನಾಟಕದಲ್ಲಿ ಆಗಲೇ ಒಂದು ಜಾಗ ಇದೆ. 1990ರ ದಶಕದ ಮಧ್ಯಭಾಗದಲ್ಲಿ ಕುಂದಾಪುರ ಸೀಮೆಯ ಕೆರಾಡಿಯಂಥ ಪಂಚಾಯಿತಿಗಳಲ್ಲಿ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಮತ್ತು ದುಡಿಯುವ ಮಕ್ಕಳದೇ ಆದ ಭೀಮ ಸಂಘ ಸೇರಿ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿದವು. ಅಲ್ಲಿನ ಮಕ್ಕಳು ಭಾಷಣ ಕಲಿತು ಬಂದವರಲ್ಲ. ತಮ್ಮ ಊರನ್ನು ತಾವೇ ಸಮೀಕ್ಷೆ ಮಾಡಿ, ದಾರಿ, ನೀರು, ಅಂಗನವಾಡಿ, ಕುಡಿತ ಇಂಥ ವಿಷಯಗಳ ಮೇಲೆ ಹಿರಿಯರ ಎದುರು ಅಂಕಿಅಂಶ ಇಟ್ಟವರು. ಆ ಪ್ರಯೋಗದ ಬೆನ್ನಿಗೆ 2006-07ರಿಂದ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸುವಂತೆ ಸೂಚಿಸಿತು. ಇಡೀ ದೇಶದಲ್ಲೇ ಇದು ಮೊದಲ ಸಾಲಿನ ಹೆಜ್ಜೆ. ಪೌರತ್ವವನ್ನು ಪ್ರಾಜೆಕ್ಟ್ ಮೂಲಕ ಕಲಿಸುವ ಮಾದರಿ ಹುಡುಕಿ ಫಿನ್ಲೆಂಡ್‌ಗೆ ನಿಯೋಗ ಕಳಿಸುವ ಮೊದಲು ಕುಂದಾಪುರಕ್ಕೆ ಒಂದು ಬಸ್ ಹತ್ತುವುದು ಒಳ್ಳೆಯದು.

ಆದರೆ ಹೆಚ್ಚಿನ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆ ಹೇಗೆ ನಡೆಯುತ್ತದೆ ಎಂಬುದನ್ನೂ ಮರೆಮಾಚದೆ ಹೇಳಬೇಕು. ಶಾಮಿಯಾನ, ಸ್ವಾಗತ ಗೀತೆ, ವೇದಿಕೆಯ ಮೇಲಿನ ಗಣ್ಯರಿಗೆ ಹಾರ. ಅಧ್ಯಕ್ಷರ ಮಾತು, ಅತಿಥಿಗಳ ಮಾತು ಮುಗಿಯುವ ಹೊತ್ತಿಗೆ ಊಟದ ಸಮಯ. ಆಮೇಲೆ ಶಾಲೆಗೊಬ್ಬರಂತೆ ಮೈಕು ಹಿಡಿದು ಬೇಡಿಕೆ ಓದುತ್ತಾರೆ: ಶಾಲೆಗೆ ಕಾಂಪೌಂಡ್ ಇಲ್ಲ, ಶೌಚಾಲಯಕ್ಕೆ ನೀರಿಲ್ಲ, ಬೆಳಗಿನ ಬಸ್ ನಿಲ್ಲಿಸುವುದಿಲ್ಲ, ದಾರಿಯಲ್ಲಿ ಬೀದಿದೀಪ ಇಲ್ಲ, ಶಾಲೆ ಪಕ್ಕದ ಅಂಗಡಿಯಲ್ಲಿ ಗುಟ್ಕಾ ಮಾರುತ್ತಾರೆ. ‘ಪರಿಶೀಲಿಸಲಾಗುವುದು’ ಎಂದು ನಡಾವಳಿಯಲ್ಲಿ ಬರೆದುಕೊಳ್ಳುತ್ತಾರೆ. ಮುಂದಿನ ವರ್ಷ ಅದೇ ಶಾಲೆಯ ಬೇರೊಬ್ಬಳು ಹುಡುಗಿ ಅದೇ ಬೇಡಿಕೆ ಓದುತ್ತಾಳೆ. ಪ್ರಶ್ನೆ ಕೇಳಿದರೂ ಏನೂ ಆಗುವುದಿಲ್ಲ ಎಂಬ ಪಾಠವನ್ನು ಹದಿನಾಲ್ಕರ ವಯಸ್ಸಿನಲ್ಲೇ ಕಲಿಸಿದಂತಾಗುತ್ತದೆ. ಸಭೆಯೇ ನಡೆಯದಿದ್ದರೂ ಇಷ್ಟು ಕೆಡುಕಾಗುತ್ತಿರಲಿಲ್ಲ.

ಇಲ್ಲಿ ಶಾಲೆ ಮತ್ತು ಪಂಚಾಯಿತಿ ಪರಸ್ಪರರ ಕೊರತೆಯನ್ನು ತುಂಬಬಲ್ಲವು. ಸಭೆಗೆ ಬರುವ ಮಕ್ಕಳ ಕೈಯಲ್ಲಿ ಬೇಡಿಕೆ ಇದೆ, ಅದರ ಹಿಂದೆ ಕೆಲಸ ಮಾಡಿದ ದಾಖಲೆ ಇಲ್ಲ. ಶಾಲೆಯಲ್ಲಿ ಪ್ರಾಜೆಕ್ಟ್ ಎಂಬ ದಾಖಲೆ ತಯಾರಾಗುತ್ತದೆ, ಅದನ್ನು ಕೇಳುವವರಿಲ್ಲ. ಜೂನ್‌ನಲ್ಲಿ ಶುರುವಾದ ಪೌರತ್ವ ಪ್ರಾಜೆಕ್ಟ್ ಮಕ್ಕಳ ಗ್ರಾಮ ಸಭೆಯಲ್ಲಿ ಮಂಡನೆಯಾಗಬೇಕು. ‘ಬಸ್ ನಿಲ್ಲಿಸಿ’ ಎನ್ನುವ ಬದಲು ‘ಈ ಇಪ್ಪತ್ತು ಶಾಲಾ ದಿನಗಳಲ್ಲಿ ಬೆಳಗಿನ ಬಸ್ ಇಷ್ಟು ದಿನ ನಿಂತಿಲ್ಲ, ಇಷ್ಟು ಮಕ್ಕಳು ಮೊದಲ ಅವಧಿ ತಪ್ಪಿಸಿಕೊಂಡಿದ್ದಾರೆ’ ಎಂಬ ಪಟ್ಟಿಯನ್ನು ಮೇಜಿನ ಮೇಲಿಟ್ಟರೆ ‘ಪರಿಶೀಲಿಸಲಾಗುವುದು’ ಎಂದು ಜಾರಿಕೊಳ್ಳುವುದು ಅಷ್ಟು ಸುಲಭವಲ್ಲ. ಜಾರಿಕೊಂಡರೂ ಮಕ್ಕಳಿಗೆ ಮುಂದಿನ ದಾರಿ ಗೊತ್ತಿರುತ್ತದೆ: ಡಿಪೊಗೆ ಅರ್ಜಿ, ಅದಕ್ಕೆ ಸ್ವೀಕೃತಿ, ಆಮೇಲೆ ಜ್ಞಾಪನೆ. ಅರ್ಜಿಗೆ ಸ್ವೀಕೃತಿ ಕೇಳಿ ಪಡೆಯುವ ಧೈರ್ಯ ಪದವಿ ಮುಗಿಸಿದ ಎಷ್ಟೋ ಜನರಿಗೆ ಇಂದಿಗೂ ಇಲ್ಲ.

ನಗರದ ಮಕ್ಕಳಿಗೆ ಇಂಥ ಸಭೆಯೇ ಇಲ್ಲ ಎಂಬುದು ಬೇರೆ ಕೊರತೆ. ಬೆಂಗಳೂರಿನಲ್ಲಿ 2000ದ ಸುಮಾರಿಗೆ ಹುಟ್ಟಿದ ‘ಚಿಲ್ಡ್ರನ್ಸ್ ಮೂವ್‌ಮೆಂಟ್ ಫಾರ್ ಸಿವಿಕ್ ಅವೇರ್‌ನೆಸ್’ ಶಾಲೆಗಳಲ್ಲಿ ಪೌರಪ್ರಜ್ಞೆಯ ಕ್ಲಬ್‌ಗಳನ್ನು ನಡೆಸಿಕೊಂಡು ಬಂದಿದೆ. ಆದರೆ ವಾರ್ಡ್ ಮಟ್ಟದಲ್ಲಿ ಮಕ್ಕಳ ವರದಿಗೆ ಕಡ್ಡಾಯವಾಗಿ ಉತ್ತರಿಸಬೇಕಾದ ಅಧಿಕಾರಿ ಯಾರೂ ಇಲ್ಲ. ಸಂವಿಧಾನದ ಪೀಠಿಕೆಯನ್ನು ಶಾಲೆಗಳಲ್ಲಿ ದಿನವೂ ಓದಿಸುವ ನಿರ್ಧಾರ 2023ರಲ್ಲಾಯಿತು. ಒಳ್ಳೆಯದೇ. ಆ ಪೀಠಿಕೆಯ ‘ನ್ಯಾಯ’, ‘ಸಮಾನತೆ’ ಎಂಬ ಮಾತುಗಳು ತಮ್ಮ ವಾರ್ಡಿನ ನಲ್ಲಿಯ ಹತ್ತಿರ ಏನಾಗುತ್ತವೆ ಎಂದು ನೋಡಿ ಬರಲು ಮಕ್ಕಳಿಗೆ ಅವಧಿ ಬೇಡವೇ?

ಸ್ವಾಸ್ಥ್ಯದ ವಿಷಯಕ್ಕೆ ಬಂದರೆ ಸಮಸ್ಯೆಯ ಸ್ವರೂಪ ಬೇರೆ. ಇಲ್ಲಿ ಎಲ್ಲವನ್ನೂ ಸಭೆಯಲ್ಲಿ ಇಡಲಾಗದು, ಇಡಲೂಬಾರದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಎಷ್ಟು ಮಕ್ಕಳು ನುಂಗುತ್ತಾರೆ, ಎಷ್ಟು ಮಕ್ಕಳು ಕಿಟಕಿಯಾಚೆ ಎಸೆಯುತ್ತಾರೆ ಎಂಬುದು ತರಗತಿಯ ಹುಡುಗಿಯರಿಗೆ ಗೊತ್ತು, ವರದಿ ಪುಸ್ತಕಕ್ಕೆ ಗೊತ್ತಿಲ್ಲ. ಹೊಟ್ಟೆ ತೊಳಸುತ್ತದೆ, ಬೆಳಿಗ್ಗೆ ಏನೂ ತಿನ್ನದೆ ಬಂದಿರುತ್ತೇವೆ, ಮಲ ಕಪ್ಪಾಗುತ್ತದೆ ಎಂಬ ಭಯ, ಹೀಗೆ ಕಾರಣಗಳಿವೆ. ಹೆಸರು ಬರೆಯದ ಚೀಟಿಗಳಲ್ಲಿ ಈ ಕಾರಣಗಳನ್ನು ಕಲೆಹಾಕಿ, ವಾರದ ಊಟದ ದಿನಚರಿಯ ಜೊತೆಗಿಟ್ಟು, ಆರೋಗ್ಯ ಕೇಂದ್ರದ ವೈದ್ಯರನ್ನು ತರಗತಿಗೆ ಕರೆದು ಉತ್ತರ ಕೇಳಿದರೆ ಅದೇ ಒಂದು ಪೂರ್ಣ ಪ್ರಾಜೆಕ್ಟ್. ಯಾರ ಹಿಮೋಗ್ಲೋಬಿನ್ ಎಷ್ಟು ಎಂಬುದನ್ನು ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಅದು ಅವಮಾನ. ಈ ಗಡಿ ಎಲ್ಲಿದೆ ಎಂದು ಶಿಕ್ಷಕರಿಗೆ ತರಬೇತಿಯಲ್ಲೇ ಹೇಳಿಕೊಡಬೇಕು, ಅವರವರ ವಿವೇಕಕ್ಕೆ ಬಿಡುವುದು ಸಾಲದು.

ಮನಸ್ಸಿನ ಸ್ವಾಸ್ಥ್ಯದ ವಿಷಯದಲ್ಲಿ ನಮ್ಮ ನಿಮ್ಹಾನ್ಸ್ ಸಂಸ್ಥೆ ಎರಡು ದಶಕಗಳ ಹಿಂದೆಯೇ ದಾರಿ ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದ ಹತ್ತು ಜೀವನ ಕೌಶಲಗಳನ್ನು ಆಧರಿಸಿ ಪ್ರೌಢಶಾಲಾ ಮಕ್ಕಳಿಗಾಗಿ ಚಟುವಟಿಕೆಗಳ ಕೈಪಿಡಿ ರೂಪಿಸಿ, ಹೊರಗಿನ ತಜ್ಞರ ಬದಲು ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟು ನಡೆಸಿದ ಕಾರ್ಯಕ್ರಮ ಅದು. ಕಾರ್ಯಕ್ರಮ ನಡೆದ ಶಾಲೆಗಳ ಮಕ್ಕಳನ್ನು ನಡೆಯದ ಶಾಲೆಗಳ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಆತ್ಮಗೌರವ, ಕಷ್ಟವನ್ನು ನಿಭಾಯಿಸಬಲ್ಲೆ ಎಂಬ ಭರವಸೆ, ಶಾಲೆಯಲ್ಲಿ ಮತ್ತು ಶಿಕ್ಷಕರೊಂದಿಗೆ ಹೊಂದಾಣಿಕೆ ಇವುಗಳಲ್ಲಿ ಸ್ಪಷ್ಟ ಸುಧಾರಣೆ ಕಂಡಿತು. ಮನೆಯವರೊಂದಿಗಿನ, ಓರಗೆಯವರೊಂದಿಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಎರಡನೇ ಭಾಗವನ್ನು ನಾವು ಗಮನಿಸಬೇಕು. ತರಗತಿಯ ಚಟುವಟಿಕೆ ತರಗತಿಯ ಬದುಕನ್ನು ಬದಲಿಸಿತು. ಮನೆಯಲ್ಲಿ ಕುಡಿದು ಬರುವ ಅಪ್ಪನನ್ನಾಗಲಿ, ಹದಿನೇಳಕ್ಕೇ ಗಂಡು ನೋಡುತ್ತಿರುವ ಅಜ್ಜಿಯನ್ನಾಗಲಿ ಅದು ಮುಟ್ಟಲಾರದು. ಅಲ್ಲಿಗೆ ಬೇರೆ ಕೈ ಬೇಕು: ಆಪ್ತ ಸಮಾಲೋಚಕರು, 1098ರ ಮಕ್ಕಳ ಸಹಾಯವಾಣಿ, 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416. ಈ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆಸುವುದರ ಜೊತೆಗೆ, ಕರೆ ಮಾಡಿದರೆ ಆ ಕಡೆಯವರು ಏನು ಕೇಳುತ್ತಾರೆ, ಹೆಸರು ಹೇಳಲೇಬೇಕೇ ಎಂದು ಮಕ್ಕಳು ತಿಳಿದಿರುವಂತೆ ಮಾಡುವುದು ಜೀವನ ಕೌಶಲದ ನಿಜವಾದ ಪಾಠ. ನಮ್ಮ ರಾಜ್ಯದಲ್ಲಿ 20ರಿಂದ 24 ವರ್ಷದ ಐವರು ಮಹಿಳೆಯರಲ್ಲಿ ಒಬ್ಬರಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು ಎನ್ನುತ್ತದೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆ.

ಲೈಂಗಿಕ ಶಿಕ್ಷಣದ ಇತಿಹಾಸವನ್ನು ನೆನೆದರೆ ಬೇಸರವಾಗುತ್ತದೆ. ಕೇಂದ್ರ ರೂಪಿಸಿದ್ದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರ ಹೊತ್ತಿಗೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆಹಿಡಿದವು. ಹದಿನೆಂಟು ವರ್ಷಗಳ ನಂತರ ಅದೇ ವಿಷಯ ಹೊಸ ಪ್ರಕಟಣೆಯಾಗಿ ಮರಳಿ ಬಂದಿದೆ. ಆ ಹದಿನೆಂಟು ವರ್ಷಗಳಲ್ಲಿ ಶಾಲೆ ದಾಟಿ ಹೋದ ಮಕ್ಕಳು ಆ ತಿಳಿವಳಿಕೆಯನ್ನು ಮೊಬೈಲಿನಿಂದ ಪಡೆದರು, ಅದು ಎಂಥ ತಿಳಿವಳಿಕೆ ಎಂಬುದನ್ನು ನಾವು ನೋಡುತ್ತಿದ್ದೇವೆ.

ಜೀವನ ಕೌಶಲದ ಪ್ರಾಜೆಕ್ಟ್‌ಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕವಿರುವ ಸಂಗತಿ ಇನ್ನೊಂದಿದೆ. ಶ್ರಮದಾನ, ಸ್ವಚ್ಛತೆ, ಸ್ವಾವಲಂಬನೆ ಎಂಬ ಒಳ್ಳೆಯ ಹೆಸರುಗಳ ಅಡಿಯಲ್ಲಿ ಯಾರ ಕೈಗೆ ಪೊರಕೆ ಹೋಗುತ್ತದೆ? 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಪ್ರಕರಣ ಬೆಳಕಿಗೆ ಬಂತು. ಇಳಿದವರು ಪರಿಶಿಷ್ಟ ಜಾತಿಯ ಮಕ್ಕಳು. ಬಂಧನಗಳಾದವು, ಅಮಾನತುಗಳಾದವು. ಆ ಘಟನೆ ವಿಪರೀತದ್ದು. ಅದರ ಸೌಮ್ಯ ರೂಪಗಳು ಮಾತ್ರ ನಮ್ಮ ಶಾಲೆಗಳಲ್ಲಿ ಸಾಮಾನ್ಯ: ಹುಡುಗಿಯರು ಗುಡಿಸುವುದು, ಹುಡುಗರು ಬೆಂಚು ಎತ್ತುವುದು, ಶೌಚಾಲಯ ತೊಳೆಯುವ ಸರದಿ ಕೆಲವೇ ಮನೆತನಗಳ ಮಕ್ಕಳಿಗೆ ಬರುವುದು. ಜೀವನ ಕೌಶಲದ ಅವಧಿ ಬಂದಾಗ ಈ ರೂಢಿಗೆ ಪಠ್ಯಕ್ರಮದ ಮುದ್ರೆ ಬಿದ್ದರೆ ಆ ಅವಧಿ ಇಲ್ಲದಿರುವುದೇ ಮೇಲು. ಅದೇ ಅವಧಿ ಈ ರೂಢಿಯನ್ನು ಮುರಿಯಲೂ ಬಹುದು. ಎಲ್ಲ ಹುಡುಗರೂ ಅನ್ನ, ಸಾರು ಮಾಡಲು ಕಲಿಯಬೇಕು, ಎಲ್ಲ ಹುಡುಗಿಯರೂ ಫ್ಯೂಸ್ ಹಾಕಲು, ಬ್ಯಾಂಕಿನಲ್ಲಿ ಹಣ ತೆಗೆಯುವ ಚೀಟಿ ತುಂಬಲು, ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಕಲಿಯಬೇಕು ಎಂದು ಸುತ್ತೋಲೆಯಲ್ಲೇ ಬರೆದರೆ, ಯಾವ ಕೆಲಸ ಯಾರು ಮಾಡಿದರು ಎಂಬ ಸರದಿಯ ಪಟ್ಟಿ ತರಗತಿಯ ಬಾಗಿಲಿನಲ್ಲಿ ತೂಗಿದರೆ, ಅಲ್ಲಿಂದ ಒಂದು ಬದಲಾವಣೆ ಶುರುವಾಗುತ್ತದೆ. ಹುಡುಗ ಮಾಡಿದ ಸಾರಿನ ರುಚಿ ನೋಡಿ ಉತ್ತರ ಕೊಡಬೇಕಾದವರು ಅವನ ಅಮ್ಮ. ಇದಕ್ಕಿಂತ ಕಟ್ಟುನಿಟ್ಟಿನ ಮೌಲ್ಯಮಾಪನ ಸಿಗುವುದು ಕಷ್ಟ.

ಈಗ ಐಚ್ಛಿಕ ಎಂಬ ಮಾತಿಗೆ ಬರೋಣ. ನೀತಿ ಪತ್ರಗಳಲ್ಲಿ ಆಯ್ಕೆ ಎಂಬುದು ಧಾರಾಳವಾಗಿ ಕಾಣುತ್ತದೆ. ಒಂದು ಸಾಧಾರಣ ಸರ್ಕಾರಿ ಪ್ರೌಢಶಾಲೆಯಲ್ಲಿ ಇರುವವರು ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಕ್ಕೆ ಒಬ್ಬೊಬ್ಬರು, ಅದೃಷ್ಟವಿದ್ದರೆ ದೈಹಿಕ ಶಿಕ್ಷಕರು, ಚಿತ್ರಕಲೆಯವರು. ಅದರಲ್ಲೂ ಒಂದಿಬ್ಬರು ಅತಿಥಿ ಶಿಕ್ಷಕರು. ಇಷ್ಟೇ ಜನರಿರುವಲ್ಲಿ ಮೂರು ಐಚ್ಛಿಕಗಳನ್ನು ಒಂದೇ ಅವಧಿಯಲ್ಲಿ ನಡೆಸುವುದು ಹೇಗೆ? ತೃತೀಯ ಭಾಷೆಯ ಬದಲಿಗೆ ತೆಗೆದುಕೊಳ್ಳಬಹುದಾದ ವೃತ್ತಿಪರ ವಿಷಯಗಳು, ಅಂದರೆ ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ಸೌಂದರ್ಯ ಮತ್ತು ಸ್ವಾಸ್ಥ್ಯ, ಚಿಲ್ಲರೆ ವ್ಯಾಪಾರ ಮುಂತಾದವು ನಮ್ಮಲ್ಲಿ ಕೆಲವು ಶಾಲೆಗಳಲ್ಲಿ ಈಗಾಗಲೇ ಇವೆ. ಅಲ್ಲಿ ಮಗು ವಿಷಯವನ್ನು ಆರಿಸಿಕೊಂಡಿತು ಎನ್ನುವುದಕ್ಕಿಂತ ಆ ಶಾಲೆಗೆ ಯಾವ ವಿಷಯ ಮಂಜೂರಾಗಿತ್ತೋ ಅದು ಮಗುವಿಗೆ ಬಂತು ಎನ್ನುವುದೇ ನಿಜ. ಕಲಿಸುವವರೂ ಹೆಚ್ಚಾಗಿ ಹೊರಗುತ್ತಿಗೆಯವರು.

ಹಾಗಾಗಿ ವಿಷಯಗಳ ನಡುವೆ ಆಯ್ಕೆ ಕೊಡುವ ಆಸೆಯನ್ನು ಸದ್ಯಕ್ಕೆ ಬಿಟ್ಟು, ಒಂದೇ ಅವಧಿಯ ಒಳಗೆ ಪ್ರಾಜೆಕ್ಟ್‌ಗಳ ನಡುವೆ ಆಯ್ಕೆ ಕೊಡುವುದು ನಮ್ಮ ಶಾಲೆಗಳಿಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ವಾರಕ್ಕೆ ಎರಡು ಅವಧಿ, ಒಟ್ಟಿಗೇ. ನಲವತ್ತು ಮಕ್ಕಳಲ್ಲಿ ಒಂದು ಗುಂಪು ಕಾಲುಸಂಕಕ್ಕೆ, ಒಂದು ಬಸ್ಸಿಗೆ, ಒಂದು ಮಾತ್ರೆಗೆ, ಒಂದು ಅಡುಗೆಮನೆಯ ಖರ್ಚಿನ ಲೆಕ್ಕಕ್ಕೆ. ಶಿಕ್ಷಕರು ಇಬ್ಬರು ಸಾಕು, ಆದರೆ ಆ ಇಬ್ಬರ ಇತರ ಕೆಲಸದಿಂದ ಅಷ್ಟು ಹೊರೆ ಇಳಿಸಬೇಕು. ಇಲಾಖೆಯ ತಂತ್ರಾಂಶಕ್ಕೆ ಮಾಹಿತಿ ತುಂಬುವುದು, ಚುನಾವಣೆ ಕೆಲಸ, ಸಮೀಕ್ಷೆ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ ಎಲ್ಲವನ್ನೂ ಹೊತ್ತಿರುವ ಶಿಕ್ಷಕರ ಬೆನ್ನ ಮೇಲೆ ಇನ್ನೊಂದನ್ನು ಹೇರಿದರೆ ಅವರು ಮಕ್ಕಳನ್ನು ಸ್ಟೇಷನರಿ ಅಂಗಡಿಗೆ ಕಳಿಸದೆ ಇನ್ನೇನು ಮಾಡಿಯಾರು?

ದೆಹಲಿಯ ಅನುಭವದಿಂದಲೂ ಕಲಿಯುವುದಿದೆ. ಅಲ್ಲಿ 2018ರ ಜುಲೈನಲ್ಲಿ ನರ್ಸರಿಯಿಂದ ಎಂಟನೇ ತರಗತಿಯವರೆಗೆ ಸಂತಸದ ಪಠ್ಯಕ್ರಮ ಬಂತು, ದಿನಕ್ಕೊಂದು ಅವಧಿ, ಪರೀಕ್ಷೆ ಇಲ್ಲ. 2021ರಲ್ಲಿ ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳಿಗೆ ಸಣ್ಣ ಉದ್ದಿಮೆ ಶುರುಮಾಡಲು ತಲಾ 2,000 ರೂಪಾಯಿ ಬಂಡವಾಳ ಕೊಡುವ ಯೋಜನೆಯೂ, ದೇಶಭಕ್ತಿ ಪಠ್ಯಕ್ರಮವೂ ಬಂದವು. ಉದ್ದಿಮೆ ಯೋಜನೆಯಲ್ಲಿ ಉತ್ತರಿಸುವವರು ಗ್ರಾಹಕರೇ ಆಗಿದ್ದರಿಂದ ಮಕ್ಕಳು ನಿಜವಾಗಿ ಮೈಬಗ್ಗಿಸಿದರು. ಆದರೆ ಈ ಕಾರ್ಯಕ್ರಮಗಳು ಒಂದು ಸರ್ಕಾರದ ಗುರುತಿನ ಚೀಟಿಗಳಾಗಿ ಬೆಳೆದಿದ್ದವು. 2025ರಲ್ಲಿ ಸರ್ಕಾರ ಬದಲಾದ ಮೇಲೆ ಹೊಸ ಹೆಸರುಗಳ ಹೊಸ ಕಾರ್ಯಕ್ರಮಗಳು ಅವುಗಳ ಜಾಗಕ್ಕೆ ಬಂದವು. ಕರ್ನಾಟಕದಲ್ಲೂ ನೈತಿಕ ಶಿಕ್ಷಣ ಎಂದೊಡನೆ ಯಾವ ಗ್ರಂಥ, ಯಾರ ಪಾಠ ಎಂಬ ಜಗಳ ಶುರುವಾಗುವುದನ್ನು 2022ರಲ್ಲಿ ಕಂಡಿದ್ದೇವೆ. ಕಾಲುಸಂಕಕ್ಕೆ ಪಕ್ಷವಿಲ್ಲ. ಪ್ರಾಜೆಕ್ಟ್ ಊರಿನ ಕಷ್ಟಕ್ಕೆ ಅಂಟಿಕೊಂಡಷ್ಟೂ ಅದು ಸರ್ಕಾರ ಬದಲಾದರೂ ಉಳಿಯುವ ಸಂಭವ ಹೆಚ್ಚು.

ಇನ್ನು ಅಂಕದ ಪ್ರಶ್ನೆ. ಅಂಕವೇ ಇಲ್ಲದಿದ್ದರೆ ಮಕ್ಕಳೂ ಪೋಷಕರೂ ಲಕ್ಷಿಸುವುದಿಲ್ಲ ಎಂಬ ವಾದವನ್ನು ಮುಖ್ಯೋಪಾಧ್ಯಾಯರು ಒಕ್ಕೊರಲಿನಿಂದ ಮುಂದಿಡುತ್ತಾರೆ, ಅದರಲ್ಲಿ ಸತ್ಯವೂ ಇದೆ. ಜಪಾನ್ 2002ರಿಂದ ಶಾಲೆಗಳಲ್ಲಿ ಸಮನ್ವಿತ ಅಧ್ಯಯನದ ಅವಧಿಯನ್ನು ಇಟ್ಟಿದೆ, 2022ರಿಂದ ಅಲ್ಲಿನ ಹೈಸ್ಕೂಲುಗಳಲ್ಲಿ ಅದು ಅನ್ವೇಷಣೆಯ ಅವಧಿಯಾಗಿದೆ. ಅಲ್ಲಿ ಆ ಅವಧಿಗೆ ಅಂಕೆಯ ಬದಲು ಶಿಕ್ಷಕರು ಮಗುವಿನ ಕೆಲಸದ ಬಗ್ಗೆ ಕೆಲವು ವಾಕ್ಯ ಬರೆಯುತ್ತಾರೆ. ನಮ್ಮಲ್ಲೂ ಇದನ್ನು ಎಸ್‌ಎಸ್‌ಎಲ್‌ಸಿಯ 625ರಿಂದ ಪೂರ್ಣ ಹೊರಗಿಟ್ಟು, ಒಂಬತ್ತನೇ ತರಗತಿಯಲ್ಲೇ ಮುಗಿಸಿ, ಅಂಕಪಟ್ಟಿಯ ಜೊತೆಗೆ ಒಂದು ಹಾಳೆಯ ಪ್ರಮಾಣಪತ್ರ ಕೊಡಬಹುದು. ಅದರಲ್ಲಿ ಮೂರು ಸಂಗತಿಗಳಿದ್ದರೆ ಸಾಕು: ಮಗು ಏನನ್ನು ಹುಡುಕಿತು, ಯಾರನ್ನು ಕೇಳಿತು, ಏನು ಉತ್ತರ ಬಂತು. ಮೂರನೆಯದರಲ್ಲಿ ‘ಉತ್ತರ ಬರಲಿಲ್ಲ’ ಎಂದಿದ್ದರೆ ಅದು ಮಗುವಿನ ಲೋಪ ಅಲ್ಲ ಎಂಬುದನ್ನೂ ಅದರಲ್ಲೇ ನಮೂದಿಸಬೇಕು.

ಒಂಬತ್ತನೇ ತರಗತಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಕ್ಕಳ ಗ್ರಾಮ ಸಭೆಗಳು ಸಾಮಾನ್ಯವಾಗಿ ನವೆಂಬರ್ ಮಕ್ಕಳ ದಿನಾಚರಣೆಯ ಆಸುಪಾಸಿನಿಂದ ಜನವರಿಯವರೆಗೆ ನಡೆಯುತ್ತವೆ. ಹತ್ತನೇ ತರಗತಿಯವರಿಗೆ ಅದೇ ಹೊತ್ತಿನಲ್ಲಿ ಬೆಳಿಗ್ಗೆ ಸಂಜೆ ವಿಶೇಷ ತರಗತಿ, ಸರಣಿ ಪರೀಕ್ಷೆ. ಅವರನ್ನು ಎಳೆದು ತರುವುದು ನ್ಯಾಯವಲ್ಲ. ಒಂಬತ್ತನೆಯವರಿಗೆ ಮಳೆಗಾಲ ಪೂರ್ತಿ ಹುಡುಕಾಟಕ್ಕೆ ಸಿಗುತ್ತದೆ, ದಸರಾ ರಜೆಯ ನಂತರ ಬರವಣಿಗೆ, ಡಿಸೆಂಬರ್‌ಗೆ ಮಂಡನೆ, ವರ್ಷ ಮುಗಿಯುವುದರೊಳಗೆ ಉತ್ತರ. ಇದಕ್ಕೆ ಹೊಸ ಪಠ್ಯಪುಸ್ತಕ ಬೇಡ, ಹೊಸ ಹುದ್ದೆಯೂ ಹೆಚ್ಚು ಬೇಡ. ಶಾಲಾ ಶಿಕ್ಷಣ ಇಲಾಖೆ ಮತ್ತು ಗ್ರಾಮೀಣಾಭಿವೃದ್ಧಿ ಹಾಗೂ ಪಂಚಾಯತ್ ರಾಜ್ ಇಲಾಖೆ ಕೂಡಿ ಒಂದು ಆದೇಶ ಹೊರಡಿಸಬೇಕು. ಸಭೆಯಲ್ಲಿ ಮಂಡನೆಯಾದ ಪ್ರತಿ ವರದಿಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ನಿಗದಿತ ದಿನಗಳೊಳಗೆ ಲಿಖಿತ ಉತ್ತರವನ್ನು ಶಾಲೆಗೆ ಕಳಿಸಬೇಕು, ಮುಂದಿನ ವರ್ಷದ ಸಭೆ ಆ ಉತ್ತರಗಳನ್ನು ಗಟ್ಟಿಯಾಗಿ ಓದುವುದರಿಂದಲೇ ಆರಂಭವಾಗಬೇಕು, ಓದುವವರು ಮಕ್ಕಳೇ ಆಗಿರಬೇಕು ಎಂದು ಆ ಆದೇಶದಲ್ಲಿ ಬರೆದಿರಬೇಕು.